ಜ್ವಾಲಾಪುರದ ಬೂದಿ

74,000 ವರ್ಷಗಳ ಹಿಂದೆ ಒಂದು ಜ್ವಾಲಾಮುಖಿ ಮನುಷ್ಯಕುಲವನ್ನೇ ಹೆಚ್ಚುಕಮ್ಮಿ ಅಳಿಸಿಹಾಕಿತ್ತು ಅನ್ನೋ ಕಥೆಯನ್ನು ಟೀವಿಯಲ್ಲಿ ನೀವೂ ನೋಡಿರುತ್ತೀರಿ. ಸಿನಿಮಾಕ್ಕೆ ಹೇಳಿ ಮಾಡಿಸಿದಂಥ ಕಥೆ. ಸುಮಾತ್ರಾದ ತೋಬಾ ಸಿಡಿದು ಆಕಾಶ ಮಂಕಾಯಿತು, ಚಳಿ ಕವಿಯಿತು, ಕೊನೆಗೆ ಭೂಮಿಯ ಮೇಲೆ ಉಳಿದವರು ಕೆಲವೇ ಸಾವಿರ ಮಂದಿ! 1998ರಲ್ಲಿ ಸ್ಟ್ಯಾನ್ಲಿ ಆಂಬ್ರೋಸ್ ಇದನ್ನು ಒಂದು ವಾದವಾಗಿ ಮಂಡಿಸಿದರು. ನಮ್ಮೆಲ್ಲರ ಜೀನುಗಳಲ್ಲಿ ವೈವಿಧ್ಯ ಇಷ್ಟು ಕಡಿಮೆ ಇರುವುದಕ್ಕೂ ಇದೇ ಕಾರಣ ಎಂದರು.

ಈ ಕಥೆಗೆ ದೊಡ್ಡ ಪೆಟ್ಟು ಕೊಟ್ಟದ್ದು ನಮ್ಮ ಬಳ್ಳಾರಿಯಿಂದ ತೀರಾ ದೂರವೇನಲ್ಲದ ಜ್ವಾಲಾಪುರ. ಬಂಗನಪಲ್ಲಿ ಮಾವು ಗೊತ್ತಲ್ಲ, ಅದೇ ಬನಗಾನಪಲ್ಲಿಯ ಹತ್ತಿರ. ಆಗ ಕರ್ನೂಲು ಜಿಲ್ಲೆ, 2022ರಿಂದ ನಂದ್ಯಾಲ. (ಹೆಸರಲ್ಲೇ ಜ್ವಾಲೆ ಇದೆ ನೋಡಿ, ಆದರೆ ಬೂದಿ ಬಂದದ್ದು ಸುಮಾರು 2,600 ಕಿ.ಮೀ. ದೂರದಿಂದ!) ಜುರ್ರೇರು ಹೊಳೆಯ ಬಯಲಿನಲ್ಲಿ ತೋಬಾದ ಬಿಳಿ ಬೂದಿ ಕೆಲವೆಡೆ ಎರಡೂವರೆ ಮೀಟರ್ ದಪ್ಪ ಇದೆ. ಹಾಗಂತ ಅಷ್ಟೂ ಆಕಾಶದಿಂದ ಬಿದ್ದದ್ದಲ್ಲ. ಬಿದ್ದದ್ದು ಕೆಲವೇ ಸೆಂಟಿಮೀಟರ್. ಉಳಿದದ್ದನ್ನೆಲ್ಲ ಸುತ್ತಲ ಗುಡ್ಡಗಳಿಂದ ನೀರು ಕೊಚ್ಚಿ ತಂದು ಪೇರಿಸಿತು.

ಮೈಕೆಲ್ ಪೆಟ್ರಾಗ್ಲಿಯಾ, ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಅಲ್ಲಿ ಅಗೆದರು. ಬೂದಿಯ ಕೆಳಗೆ ಕಲ್ಲಿನ ಉಪಕರಣಗಳು ಸಿಕ್ಕವು. ಬೂದಿಯ ಮೇಲೂ ಸಿಕ್ಕವು. ಎರಡನ್ನೂ ಮಾಡಿದ ರೀತಿ ಹೆಚ್ಚುಕಡಿಮೆ ಒಂದೇ! ಮರಳಿನ ಕಣ ಕೊನೇ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಲೆಕ್ಕ ಹಾಕುವ ವಿಧಾನದಿಂದ ಕೆಳಗಿನ ಪದರಕ್ಕೆ ಸುಮಾರು 77,000 ವರ್ಷ, ಮೇಲಿನದಕ್ಕೆ ಸುಮಾರು 74,000 ವರ್ಷ ಎಂದು ಬಂತು. 2007ರಲ್ಲಿ 'ಸೈನ್ಸ್' ಪತ್ರಿಕೆ ಇದನ್ನು ಪ್ರಕಟಿಸಿತು.

ಹಾಗಾದರೆ ಏನೂ ಆಗಲೇ ಇಲ್ಲವೇ? ಆಗಿರಬೇಕು. ಬಂಗಾಳ ಕೊಲ್ಲಿಯ ತಳದ ಹೂಳಿನಲ್ಲಿದ್ದ ಪರಾಗವನ್ನು ನೋಡಿದ ಮಾರ್ಟಿನ್ ವಿಲಿಯಮ್ಸ್ ತಂಡ, ಸ್ಫೋಟದ ನಂತರ ಮಧ್ಯಭಾರತದಲ್ಲಿ ಕಾಡು ತೆಳುವಾಯಿತು ಎಂದು 2009ರಲ್ಲಿ ಬರೆಯಿತು. ಇತ್ತ ಆಫ್ರಿಕಾದ ಮಲಾವಿ ಸರೋವರದ ಹೂಳಿನಲ್ಲಿ ಅಂಥ ದೊಡ್ಡ ಚಳಿಯ ಗುರುತೇ ಇಲ್ಲ ಎಂದು 2013ರಲ್ಲಿ ಇನ್ನೊಂದು ತಂಡ ಹೇಳಿತು. ಒಂದೇ ಸ್ಫೋಟ, ಒಂದೊಂದು ಕಡೆ ಒಂದೊಂದು ಪರಿಣಾಮ. ನನಗೆ ಮುಖ್ಯ ಅನ್ನಿಸುವುದು ಇದೇ. 'ಹವಾಮಾನ ಕೆಟ್ಟಿತು, ಜನ ಸತ್ತರು' ಅನ್ನೋ ಒಂದು ಸಾಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾಡು ಹೋಗಿ ಹುಲ್ಲು ಬಂದರೆ ಬೇಟೆ ಬದಲಾಗುತ್ತೆ, ಹೊಳೆ ಬತ್ತಿದರೆ ಇನ್ನೊಂದು ಹೊಳೆ ಹುಡುಕಬೇಕು. ಬೇಟೆಗಾರರಿಗೆ ಇದು ಹೊಸದೇನಲ್ಲವಲ್ಲ! 2020ರಲ್ಲಿ ಮಧ್ಯಪ್ರದೇಶದ ಸೋನ್ ನದಿ ದಂಡೆಯ ಢಾಬಾದಲ್ಲೂ ಸುಮಾರು 80,000ದಿಂದ 65,000 ವರ್ಷಗಳ ಹಿಂದಿನವರೆಗೆ ಅದೇ ಬಗೆಯ ಉಪಕರಣಗಳು ಮುಂದುವರಿದದ್ದು ವರದಿಯಾಯಿತು.

ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಆ ಕಲ್ಲುಗಳನ್ನು ಕೆತ್ತಿದವರು ನಮ್ಮಂಥ ಮನುಷ್ಯರೇ, ಅಥವಾ ನಮಗಿಂತ ಮೊದಲು ಇಲ್ಲಿದ್ದ ಬೇರೆ ಯಾರೋ? ಆಧುನಿಕ ಮಾನವ ಭಾರತಕ್ಕೆ ಬಂದದ್ದೇ ತೋಬಾ ಆದ ಎಷ್ಟೋ ಸಾವಿರ ವರ್ಷಗಳ ಮೇಲೆ ಅಂತ ಪಾಲ್ ಮೆಲ್ಲರ್ಸ್ ವಾದಿಸಿದ್ದರು. ಜ್ವಾಲಾಪುರದ ಬೂದಿಯ ಕೆಳಗಾಗಲಿ, ಅದರ ಮೇಲಿನ ಆ ಪದರದಲ್ಲಾಗಲಿ ಮನುಷ್ಯನ ಒಂದು ಮೂಳೆಯೂ ಸಿಕ್ಕಿಲ್ಲ.