ಭರತಪುರದ ಬೇಟೆಗಲ್ಲು: ಒಂದು ಶಾಸನಾವಲೋಕನ

ರಾಜಸ್ಥಾನದ ಭರತಪುರ ನಗರದ ಅಂಚಿನಲ್ಲಿರುವ ಕೇವಲಾದೇವ ಘನಾ ಇಂದು ಪಕ್ಷಿವೀಕ್ಷಕರ ಯಾತ್ರಾಸ್ಥಳ. ಸುಮಾರು 29 ಚದರ ಕಿಲೋಮೀಟರ್ ವಿಸ್ತಾರದ ಈ ನೀರು, ಹುಲ್ಲು, ಜಾಲಿಗಳ ನಾಡಿನಲ್ಲಿ 350ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಅಲ್ಲಿನ ಶಿವಾಲಯದ ಬಳಿ ಕೆಲವು ಕಲ್ಲಿನ ಫಲಕಗಳಿವೆ. ಶಾಸನಗಳ ಓದಿನಲ್ಲಿ ತೊಡಗಿರುವ ನಮಗೆ ಆ ಫಲಕಗಳು ಹಕ್ಕಿಗಳಷ್ಟೇ ವಿಚಾರಾರ್ಹವಾಗಿ ತೋರುತ್ತವೆ. ಅವು ಏನನ್ನು ಹೇಳುತ್ತವೆ, ಯಾರನ್ನು ಬಿಡುತ್ತವೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಬರಹದ ಉದ್ದೇಶ.

ಮೊದಲಿಗೆ ಗಮನಿಸಬೇಕಾದುದು, ಈ ಜಲಾಶಯ ಪೂರ್ತಿಯಾಗಿ ನಿಸರ್ಗದತ್ತವಲ್ಲ. 18ನೆಯ ಶತಮಾನದಲ್ಲಿ ಭರತಪುರದ ಜಾಟ ಅರಸು ಸೂರಜಮಲ್ಲನ ಕಾಲದಲ್ಲಿ ಅಜಾನ್ ಎಂಬ ಏರಿಯನ್ನು ಕಟ್ಟಿದುದರಿಂದ ಸಹಜವಾದ ತಗ್ಗುನೆಲದಲ್ಲಿ ನೀರು ನಿಂತಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅರಸುಮನೆತನವು ಒಡ್ಡು, ಕಾಲುವೆ, ತೂಬುಗಳನ್ನು ನಿರ್ಮಿಸಿ ಅದನ್ನು ಬಾತುಗಳ ಬೇಟೆಗೆ ಅಣಿಗೊಳಿಸಿತು.

ಫಲಕಗಳು ಆ ಬೇಟೆಗಳ ಲೆಕ್ಕಪತ್ರ. ದಿನಾಂಕ, ಸಂದರ್ಭ, ಬಿದ್ದ ಹಕ್ಕಿಗಳು, ಬಂದೂಕುಗಳು ಎಂಬ ಕ್ರಮದಲ್ಲಿ ಸಾಲುಗಳಿವೆ. ಪಟ್ಟಿಯು 1902ರಲ್ಲಿ ವೈಸ್‌ರಾಯ್ ಕರ್ಜನ್ನನ ಬೇಟೆಯಿಂದ ಮೊದಲಾಗುತ್ತದೆ. 1938ರ ನವೆಂಬರ್ 12ರಂದು ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳು ಹತವಾದವು. ಅತಿಥಿಗೆ ಹೆಸರಿದೆ, ಹಕ್ಕಿಗಳಿಗೆ ಸಂಖ್ಯೆಯಿದೆ, ಸುತ್ತಲ ಹಳ್ಳಿಗರಿಗೆ ಎರಡೂ ಇಲ್ಲ.

ಕನ್ನಡ ನಾಡಿನ ಬೇಟೆಶಾಸನವೊಂದರೊಡನೆ ಇದನ್ನು ಹೋಲಿಸಬಹುದು. 10ನೆಯ ಶತಮಾನದ ಆತಕೂರು ಶಾಸನವು ಕಾಳಿ ಎಂಬ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯನ್ನು ದಾಖಲಿಸುತ್ತದೆ. ಅಲ್ಲಿ ನಾಯಿಗೆ ಹೆಸರುಂಟು, ಕಲ್ಲುಂಟು, ಆ ಕಲ್ಲಿನ ಪೂಜೆಗೆ ಬಿಟ್ಟ ಭೂಮಿಯುಂಟು. ಹಾಗೆಯೇ ನಮ್ಮ ಕೆರೆಶಾಸನಗಳಲ್ಲಿ ಬರುವ ಕಟ್ಟುಕೊಡಗೆ, ಬಿತ್ತುವಟ್ಟಗಳು ಕೆರೆಯನ್ನು ಕಟ್ಟಿ ಕಾಪಾಡುವವರ ಹಕ್ಕನ್ನು ಸೂಚಿಸುತ್ತವೆ. ಆಳುವವರ ಕೀರ್ತಿಯೇ ಅಲ್ಲಿಯೂ ಮುಖ್ಯವಾದರೂ, ಕೆರೆಯನ್ನು ಉಳಿಸುವ ದುಡಿಮೆ ಪಠ್ಯದಿಂದ ಪೂರ್ತಿಯಾಗಿ ಅಳಿಸಿಹೋಗುವುದಿಲ್ಲ.

ಘನಾ 1956ರಲ್ಲಿ ಪಕ್ಷಿಧಾಮವಾಯಿತು. ಆದರೂ ಅರಸುಮನೆತನದ ಬೇಟೆಯ ಹಕ್ಕು 1972ರವರೆಗೆ ಉಳಿಯಿತು. 1981ರಲ್ಲಿ ರಾಮ್ಸಾರ್ ಪಟ್ಟಿಗೆ, 1985ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಅದು ಸೇರಿತು. ಕೊಲ್ಲುವ ಎಣಿಕೆಯು ನೋಡುವ ಎಣಿಕೆಗೆ ಎಡೆಕೊಟ್ಟ ಈ ಪರಿವರ್ತನೆ ಸ್ತುತ್ಯವಾದುದು. ಆದರೆ ಅದರ ನಡುವೆ 1982 ಇದೆ. ಆ ವರ್ಷ ದನ, ಎಮ್ಮೆಗಳ ಮೇವನ್ನು ಒಳಗೆ ನಿಷೇಧಿಸಲಾಯಿತು. ತಲೆಮಾರುಗಳಿಂದ ಮೇಯಿಸುತ್ತಿದ್ದವರು ಪ್ರತಿಭಟಿಸಿದರು. ಪೊಲೀಸರು ಹಾರಿಸಿದ ಗುಂಡಿಗೆ ಹಳ್ಳಿಗರು ಬಲಿಯಾದರು.

ಮುಂದೆ ನಡೆದುದು ವಿಚಾರಪ್ರಚೋದಕ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1980ರ ದಶಕದುದ್ದಕ್ಕೂ ಇಲ್ಲಿ ಅಧ್ಯಯನ ನಡೆಸಿತು. ಎಮ್ಮೆಗಳು ಬಾರದಾದ ಮೇಲೆ ನೀರಿನಲ್ಲಿ ಒಂದು ಜಾತಿಯ ಹುಲ್ಲು ದಟ್ಟವಾಗಿ ಹಬ್ಬಿ, ಬಾತುಗಳಿಗೆ ಬೇಕಾದ ತೆರೆದ ನೀರನ್ನು ಮುಚ್ಚಿತೆಂದೂ, ಮೇಯುವಿಕೆ ಜೌಗುನೆಲಕ್ಕೆ ಉಪಕಾರಿಯಾಗಿತ್ತೆಂದೂ ಅದು ಕಂಡುಕೊಂಡಿತು. ಅಂದರೆ, ಕೇಡೆಂದು ಹೊರದೂಡಿದ ಎಮ್ಮೆಗಳೇ ಸರೋವರದ ಪಾಲಕರಲ್ಲಿ ಸೇರಿದ್ದವು. ಹುಲ್ಲನ್ನು ಕೊಯ್ದು ಒಯ್ಯಲು ಹಳ್ಳಿಗರಿಗೆ ಮುಂದೆ ಅವಕಾಶ ದೊರೆಯಿತು. ಆದರೆ ಸತ್ತವರು ಮರಳಲಿಲ್ಲ. ಘನಾದ ಅಳಿವುಗಳನ್ನೆಲ್ಲ ಈ ಒಂದೇ ಕಾರಣಕ್ಕೆ ಆರೋಪಿಸಬೇಕಿಲ್ಲ. 2002ರ ನಂತರ ಇಲ್ಲಿಗೆ ಬಾರದ ಸೈಬೀರಿಯಾದ ಕ್ರೌಂಚದ ಕಥೆಗೆ ಅದರ ವಲಸೆಯ ಹಾದಿಯುದ್ದಕ್ಕೂ ಬೇರೆ ಕಾರಣಗಳಿವೆ.

ಬಾತುಗಳ ಬೇಟೆಯನ್ನು ಕಲ್ಲಿಗೇರಿಸಿದವರಿಗೆ ಮೇಯಿಸುವವರು ಲೆಕ್ಕಕ್ಕಿರಲಿಲ್ಲ. ಹಕ್ಕಿಗಳನ್ನು ಕಾಯಹೊರಟವರೂ ಅವರನ್ನು ತೊಡಕೆಂದೇ ಭಾವಿಸಿದರು. ಎರಡು ಯುಗಗಳ ಉದ್ದೇಶ ಬೇರೆ, ಮೌನ ಒಂದೇ. ಕನ್ನಡ ನಾಡಿನಲ್ಲಿ ತುರುಗಳಿಗಾಗಿ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸಿದ ಊರುಗಳು ನೂರಾರು. ನಮ್ಮ ಕೆರೆಗಳ, ಪಕ್ಷಿಧಾಮಗಳ ಚರಿತ್ರೆಯನ್ನು ಬರೆಯುವವರು ಫಲಕದ ಅಂಕಿಗಳೊಡನೆ, ಫಲಕಕ್ಕೇರದ ಈ ಜನರ ಸಾಕ್ಷ್ಯವನ್ನೂ ಆಕರವೆಂದು ಸ್ವೀಕರಿಸಬೇಕಾಗಿದೆ.