ಎಳೆಯ ಸಾರಥಿಗಳು

ನಮ್ಮ ಕಾವ್ಯಗಳಲ್ಲಿ ಬರುವ ನಳ, ಮಾತಲಿ, ಶಲ್ಯ ಮೊದಲಾದವರು ಕುದುರೆಗಳ ಸ್ವಭಾವವನ್ನು ಚೆನ್ನಾಗಿ ಅರಿತವರು. ಅರಿತವರೆಂಬ ಕಾರಣದಿಂದಲೇ ರಥದ ವಾಘೆ ಅವರ ಕೈಗೆ ಬಂದಿತು. ಮೋಟಾರಿನ ಕಾಲದಲ್ಲಿ ಈ ಕ್ರಮ ತಲೆಕೆಳಗಾಯಿತು. ಮೊದಲು ಯಂತ್ರ ಬೀದಿಗಿಳಿಯಿತು. ನಡೆಸುವವನ ಯೋಗ್ಯತೆಯೇನೆಂಬ ವಿಚಾರ ಪ್ರಾಣಗಳು ಹೋದ ಮೇಲೆ ಬಂದಿತು. ಆ ವಿಚಾರ ಬೆಳೆದು ಬಂದ ಬಗೆಯನ್ನು, ಅದರಲ್ಲೂ ಹದಿಹರೆಯದವರಿಗೆ ಸಂಬಂಧಿಸಿದಷ್ಟನ್ನು, ಇಲ್ಲಿ ನೋಡಬಹುದು.

1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಮೋಟಾರು ಗಾಡಿಗಳ ಪ್ರದರ್ಶನ ನಡೆದಿತ್ತು. ಮಗಳೊಡನೆ ಅಲ್ಲಿಗೆ ಬಂದಿದ್ದ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿ ಗಾಡಿಯೊಂದಕ್ಕೆ ಸಿಕ್ಕಿ ಅಸುನೀಗಿದಳು. ಬ್ರಿಟನ್ನಿನಲ್ಲಿ ಮೋಟಾರು ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಚಾಲಕನಿಗಿದ್ದುದು ಮೂರು ವಾರಗಳ ಅನುಭವವೆಂದು ವಿಚಾರಣೆಯಲ್ಲಿ ಹೇಳಲಾಯಿತು. ಅವನಿಗೆ ಪರವಾನಗಿ ಬೇಕೆಂಬ ನಿಯಮವೇ ಆಗ ಇರಲಿಲ್ಲ. ಆಕಸ್ಮಿಕ ಮರಣವೆಂದು ತೀರ್ಪಾಯಿತು.

ಆ ಬಳಿಕ ಕಾಯಿದೆ ಕೇಳಿದ ಮೊದಲ ಪ್ರಶ್ನೆ ‘ವಯಸ್ಸೆಷ್ಟು?’ ಎಂಬುದು. ಬ್ರಿಟನ್ನಿನ 1903ರ ಕಾಯಿದೆಯು ಕಾರಿಗೆ 17 ವರ್ಷ, ಮೋಟಾರು ಸೈಕಲ್ಲಿಗೆ 14 ವರ್ಷವೆಂದು ಗೊತ್ತುಮಾಡಿತು. ಆದರೆ ಐದು ಶಿಲ್ಲಿಂಗು ತೆತ್ತವನಿಗೆ ಪರವಾನಗಿ ಸಿಗುತ್ತಿತ್ತು; ಓಡಿಸಲು ಬರುವುದೇ ಎಂದು ಯಾರೂ ಕೇಳುತ್ತಿರಲಿಲ್ಲ. ಪರೀಕ್ಷೆ ಕಡ್ಡಾಯವಾದದ್ದು 1935ರ ಜೂನ್ 1ರಂದು. ಬ್ರಿಟಿಷ್ ಇಂಡಿಯಾದ 1914ರ ಕಾಯಿದೆ 18 ವರ್ಷವೆಂದಿತು. 1939ರ ಕಾಯಿದೆಯೂ ಅದನ್ನೇ ಉಳಿಸಿಕೊಂಡಿತು.

ಎರಡನೆಯ ಪ್ರಶ್ನೆ ‘ಕಲಿತಿರುವನೇ?’ ಎಂಬುದು. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಸ್ಟೇಟ್ ಕಾಲೇಜ್ ಎಂಬ ಊರಿದೆ. ಅಲ್ಲಿನ ಪ್ರಾಧ್ಯಾಪಕ ಏಮಸ್ ನೇಹಾರ್ಟ್ 1934ರ ಸುಮಾರಿಗೆ ತಮ್ಮ ಸ್ವಂತ ಕಾರನ್ನೇ ಬಳಸಿ ಹೈಸ್ಕೂಲು ಮಕ್ಕಳಿಗೆ ಚಾಲನೆಯ ಪಾಠ ಹೇಳತೊಡಗಿದರು. ತರಗತಿಯ ಪಾಠದೊಂದಿಗೆ ರಸ್ತೆಯ ಅಭ್ಯಾಸವನ್ನೂ ಸೇರಿಸಿದ ಈ ಶಿಕ್ಷಣ ಆ ದೇಶದ ಶಾಲೆಗಳಲ್ಲಿ ಬಹುವಾಗಿ ಹರಡಿತು. ಉಪಾಧ್ಯಾಯರಾದ ನಮಗೆ ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಮುಂದೆ ಜಾರ್ಜಿಯಾ ಸಂಸ್ಥಾನದ ಡಿಕಾಲ್ಬ್ ಕೌಂಟಿಯಲ್ಲಿ ಸಾವಿರಾರು ವಿದ್ಯಾರ್ಥಿಗಳನ್ನು ಕುರಿತು ದೊಡ್ಡ ಪರಿಶೀಲನೆ ನಡೆದಾಗ, ಪಾಠದಿಂದ ಅಪಘಾತಗಳು ಬಹುಕಾಲ ತಗ್ಗಿದುದು ಕಂಡುಬರಲಿಲ್ಲ. ಕೈಕಾಲುಗಳ ಚಳಕ ಕೆಲವು ವಾರಗಳಲ್ಲಿ ಬರುತ್ತದೆ. ಎದುರಿನ ಅಪಾಯವನ್ನು ಮುಂದಾಗಿ ಕಾಣುವ ಕಣ್ಣು ಬರಲು ವರ್ಷಗಳು ಬೇಕು. ಹುಡುಗನಿಗೆ ಕಲಿಯಲು ಕಾಲಾವಕಾಶ ಬೇಕು; ಆ ಕಾಲದಲ್ಲಿ ಅವನ ತಪ್ಪಿಗೆ ಅವನೂ ಪರರೂ ಬಲಿಯಾಗಬಾರದು.

ಹೀಗೆ ಮೂರನೆಯ ಪ್ರಶ್ನೆ ಹುಟ್ಟಿತು: ‘ಯಾವಾಗ, ಯಾರ ಜೊತೆಯಲ್ಲಿ?’ ನ್ಯೂಜಿಲೆಂಡ್ ದೇಶವು 1987ರ ಆಗಸ್ಟಿನಲ್ಲಿ ಪರವಾನಗಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. ಮೊದಲು ಪಕ್ಕದಲ್ಲಿ ಅನುಭವಿಯೊಬ್ಬರು ಕುಳಿತಿರಬೇಕು. ಎರಡನೆಯ ಹಂತದಲ್ಲಿ ಒಬ್ಬನೇ ಓಡಿಸಬಹುದು. ಆದರೆ ಅನುಭವಿಗಳು ಜೊತೆಗಿಲ್ಲದೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಪೂರ್ಣ ಪರವಾನಗಿ ಆಮೇಲೆ. ಕತ್ತಲೆಯೂ ಗೆಳೆಯರ ಹುರಿದುಂಬಿಕೆಯೂ ಎಳೆಯ ಚಾಲಕನಿಗೆ ದೊಡ್ಡ ಶತ್ರುಗಳೆಂಬ ತಿಳಿವಳಿಕೆ ಇದರ ಬುನಾದಿ. ಅಲ್ಲಿ ತರುಣರ ಗಾಯದ ಪ್ರಕರಣಗಳು ಇಳಿದವು. ಅಮೆರಿಕದಲ್ಲಿ ಫ್ಲಾರಿಡಾ 1996ರಲ್ಲಿ ಇದೇ ದಾರಿ ಹಿಡಿಯಿತು. ಉಳಿದ ಸಂಸ್ಥಾನಗಳೂ ಅನುಸರಿಸಿದವು.

ನಾಲ್ಕನೆಯ ಪ್ರಶ್ನೆ ‘ಕೀಲಿಕೈ ಕೊಟ್ಟವರಾರು?’ ಇದನ್ನು ನಮ್ಮ ದೇಶದ ಕಾಯಿದೆ ಈಗ ಬಲವಾಗಿ ಕೇಳುತ್ತಿದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ 18 ವರ್ಷ ತುಂಬಬೇಕು. 16 ತುಂಬಿದವರು ಪೋಷಕರ ಒಪ್ಪಿಗೆಯೊಂದಿಗೆ ಪರವಾನಗಿ ಪಡೆದು 50 ಸಿ.ಸಿ. ಮೀರದ ಎಂಜಿನ್ನಿನ ವಾಹನವನ್ನಷ್ಟೇ ಓಡಿಸಬಹುದು. ನಮ್ಮ ಮನೆಗಳ ಮುಂದೆ ನಿಂತಿರುವ ಗೇರಿಲ್ಲದ ಪೆಟ್ರೋಲ್ ಸ್ಕೂಟರುಗಳಲ್ಲಿ ಹೆಚ್ಚಿನವು 100 ಸಿ.ಸಿ.ಗೂ ಮಿಕ್ಕಿದವು ಎಂಬುದನ್ನು ಅನೇಕ ತಂದೆತಾಯಿಗಳು ಗಮನಿಸಿದಂತಿಲ್ಲ. 2019ರ ತಿದ್ದುಪಡಿಯಂತೆ, ಪರವಾನಗಿಯಿಲ್ಲದ ಬಾಲಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರು ಇಲ್ಲವೇ ವಾಹನದ ಒಡೆಯರು ತಪ್ಪಿತಸ್ಥರು. ತಮಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದೋ ಅವರೇ ಸಾಧಿಸಿ ತೋರಿಸಬೇಕು. ತಪ್ಪಿದರೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ.

ಈ ನಾಲ್ಕು ಪ್ರಶ್ನೆಗಳನ್ನು ಪೊಲೀಸರು ಕೇಳುವ ಮೊದಲು ಮನೆಯಲ್ಲಿಯೇ ಕೇಳಿಕೊಳ್ಳುವುದು ಲೇಸು. ಟ್ಯೂಷನ್ನಿಗೆ ಹೊತ್ತಾಯಿತೆಂದು ಮಗ ಅವಸರಪಡಿಸಿದಾಗ ‘ಇದೊಂದು ದಿನ ಹೋಗಲಿ’ ಎನ್ನುವ ತಾಯ್ತಂದೆಯರ ಪ್ರೀತಿ ಸಹಜವಾದುದೇ. ಆದರೆ ಅದೇ ಬೀದಿಯಲ್ಲಿ ಇನ್ನೊಬ್ಬರ ಮಗುವೂ ಶಾಲೆಗೆ ನಡೆದು ಹೋಗುತ್ತಿರುತ್ತದೆ. ಆ ಮಗುವನ್ನು ನೆನೆದು, ಹೊತ್ತಾದರೂ ಚಿಂತೆಯಿಲ್ಲ, ಕೀಲಿಕೈಯನ್ನು ಮೊಳೆಯ ಮೇಲೆಯೇ ಬಿಟ್ಟು ಮಗನನ್ನು ಬಸ್ಸಿಗೆ ಕಳುಹಿಸೋಣ.