ಕಟಕಟೆಯ ಸುಳ್ಳಿಗೆ ಶಿಕ್ಷೆ ಎಷ್ಟು?

ಸಿನಿಮಾ ಕೋರ್ಟಿನಲ್ಲಿ ಸಾಕ್ಷಿ ಭಗವದ್ಗೀತೆ ಮುಟ್ಟಿ ಪ್ರಮಾಣ ಮಾಡ್ತಾನೆ. ನಿಜವಾದ ಕೋರ್ಟಿನಲ್ಲಿ ಗೀತೆ ಬೇಕಿಲ್ಲ. ದೇವರ ಹೆಸರಿನಲ್ಲಿ ಸತ್ಯ ಹೇಳ್ತೀನಿ ಅಂದ್ರೆ ಸಾಕು. ಹಾಗಂತ ಹೇಳಿ ಸುಳ್ಳಾಡಿದರೆ ಏನಾಗುತ್ತೆ?

1678ರ ಲಂಡನ್ನಿಗೆ ಹೋಗೋಣ. ದೊರೆ ಎರಡನೇ ಚಾರ್ಲ್ಸ್‌ನನ್ನು ಕೊಲ್ಲಲು ಕ್ಯಾಥೊಲಿಕರು ಸಂಚು ಮಾಡಿದ್ದಾರೆ ಅಂತ ಟೈಟಸ್ ಓಟ್ಸ್ ಎಂಬಾತ ಕಥೆ ಕಟ್ಟಿದ. ಪ್ರಮಾಣ ಮಾಡಿಯೇ ಸಾಕ್ಷಿ ನುಡಿದ. ಜನ ನಂಬಿದರು, ಕೋರ್ಟೂ ನಂಬಿತು. ಸುಮಾರು 15 ಅಮಾಯಕರ ಪ್ರಾಣ ಹೋಯಿತು. 1685ರಲ್ಲಿ ಸುಳ್ಳು ಸಾಬೀತಾಯಿತು. ಆದರೆ ಸುಳ್ಳು ಸಾಕ್ಷ್ಯಕ್ಕೆ ಅಲ್ಲಿ ಆಗ ಮರಣದಂಡನೆಯೇ ಇರಲಿಲ್ಲ! ಬೀದಿಯಲ್ಲಿ ಚಾಟಿಯೇಟು, ಜೀವಾವಧಿ ಜೈಲು. ದೊರೆ ಬದಲಾದ ಮೇಲೆ, 1689ರಲ್ಲಿ, ಆತ ಹೊರಬಂದ. ಪಿಂಚಣಿಯೂ ಸಿಕ್ಕಿತು.

ನಮ್ಮ 1860ರ ದಂಡ ಸಂಹಿತೆ ಹಾಗಲ್ಲ. ಕೋರ್ಟಿನಲ್ಲಿ ಸುಳ್ಳು ಸಾಕ್ಷ್ಯ ಹೇಳಿದರೆ ಸೆಕ್ಷನ್ 193ರಲ್ಲಿ ಏಳು ವರ್ಷದವರೆಗೆ ಜೈಲು. ಗಲ್ಲು ಶಿಕ್ಷೆಯ ಕೇಸಿನಲ್ಲಿ ಬೇಕಂತಲೇ ಸುಳ್ಳು ಹೇಳಿ, ಅದರಿಂದ ನಿರಪರಾಧಿ ನೇಣಿಗೇರಿದರೆ, ಸೆಕ್ಷನ್ 194ರಲ್ಲಿ ಸುಳ್ಳುಗಾರನಿಗೂ ಗಲ್ಲಾಗಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇವು ಸೆಕ್ಷನ್ 229, 230 ಆಗಿ ಉಳಿದಿವೆ.

ಇಷ್ಟೆಲ್ಲಾ ಇದ್ದರೂ ಸಾಕ್ಷಿಗಳು ಉಲ್ಟಾ ಹೊಡೆಯೋದು ಯಾಕೆ? ಒಂದು, ಈ ಸುಳ್ಳಿನ ಮೇಲೆ ನೀವು ನಾವು ನೇರವಾಗಿ ಕೇಸು ಹಾಕುವಂತಿಲ್ಲ. ನ್ಯಾಯದ ಹಿತಕ್ಕೆ ಅಗತ್ಯ ಅನ್ನಿಸಿದರೆ ಕೋರ್ಟೇ ಲಿಖಿತ ದೂರು ಕೊಡಬೇಕು. ಎರಡು, ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಪ್ರಮಾಣವೂ ಇಲ್ಲ, ಸಹಿಯೂ ಇಲ್ಲ. "ನಾನು ಹೇಳೇ ಇಲ್ಲ, ಅವರೇ ಬರ್ಕೊಂಡ್ರು" ಅಂದರೆ ಮುಗೀತು.

2002ರಲ್ಲಿ ವಡೋದರಾದ ಬೆಸ್ಟ್ ಬೇಕರಿಯಲ್ಲಿ 14 ಜನರ ಹತ್ಯೆಯಾಯಿತು. ಮುಖ್ಯ ಸಾಕ್ಷಿ ಝಹೀರಾ ಶೇಖ್ ಕೋರ್ಟಿನಲ್ಲಿ ಮಾತು ಬದಲಿಸಿದರು. 2003ರಲ್ಲಿ 21 ಆರೋಪಿಗಳೂ ಖುಲಾಸೆ. ಜೀವಭಯದಿಂದ ಹಾಗೆ ಹೇಳಿದೆ ಎಂದರು ಝಹೀರಾ. ಸುಪ್ರೀಂ ಕೋರ್ಟ್ ಮರುವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ಕಳಿಸಿತು. ಅಲ್ಲಿ ಮತ್ತೆ ಉಲ್ಟಾ! 2006ರಲ್ಲಿ ಅವರಿಗೆ ಒಂದು ವರ್ಷ ಜೈಲು, 50,000 ರೂಪಾಯಿ ದಂಡ. ಅದೂ ನ್ಯಾಯಾಂಗ ನಿಂದನೆಗಾಗಿ.

ದುಡ್ಡಿಗೆ ಸುಳ್ಳು ಹೇಳಿದವರನ್ನು ಜೈಲಿಗೆ ಕಳಿಸಿ, ಸರಿ. ಹೆದರಿ ಸುಳ್ಳು ಹೇಳಿದವರನ್ನು? 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಾಕ್ಷಿಯ ಮನೆ ಬಾಗಿಲಿಗೆ ಬೆದರಿಕೆ ಮೊದಲು ತಲುಪುತ್ತೋ, ರಕ್ಷಣೆ ಮೊದಲು ತಲುಪುತ್ತೋ? ಕಟಕಟೆಯಲ್ಲಿ ಸತ್ಯ ಬರುತ್ತೋ ಇಲ್ಲವೋ ಅನ್ನೋದು ಅಲ್ಲೇ ತೀರ್ಮಾನ ಆಗಿಬಿಡುತ್ತೆ.